ಹೊರಗಿನಿಂದ ಹಾಕಿದ ಬೀಗ

ಜೈಲಿನಿಂದ ಬಂದ ತಮ್ಮನಿಗೆ ಮನೆಯಲ್ಲೇ ಮತ್ತೊಂದು ಜೈಲು ಕಟ್ಟಿದವಳು ಅವನ ಅಕ್ಕ. ಪ್ರೀತಿಯಿಂದಲೇ ಕಟ್ಟಿದಳು, ಅದರಲ್ಲಿ ಎರಡು ಮಾತಿಲ್ಲ.

ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಕೊಟ್ಟ ನೋವಿನ ಮಾತ್ರೆ, ಸೊಂಟ ನೆಟ್ಟಗಾದ ಮೇಲೂ ಅವನನ್ನು ಬಿಡಲಿಲ್ಲ. ಮಾತ್ರೆ ಹೋಗಿ ಅಮಲಿನ ಪುಡಿ ಬಂತು, ಪುಡಿಯ ಹಿಂದೆಯೇ ಪೊಲೀಸರು ಬಂದರು. ಜೈಲಿನಲ್ಲಿ ಮೊದಮೊದಲು ಬರೀ ವಾಂತಿ, ನಡುಕ. "ನಾಟಕ ಬಿಡೋ" ಎಂದು ಕಾವಲಿನವನು ಗದರಿದನಂತೆ. ಅವನ ನಾಲಿಗೆ ಸೇದಿಹೋಗ! ಹೇಗೋ ಬದುಕಿಕೊಂಡ. ಬಿಡುಗಡೆಯ ದಿನ ಮೈಕೈ ತುಂಬಿಕೊಂಡು ಬಂದವನನ್ನು ನೋಡಿ ಅಕ್ಕನಿಗೆ ಅಳುವೇ ಬಂದುಬಿಟ್ಟಿತು.

ಜೈಲಿನ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ಇವನ ಮೈಗೆ ಈಗ ಅಭ್ಯಾಸ ತಪ್ಪಿದೆ. ಮೊದಲಿನಷ್ಟೇ ಈಗ ತಗೊಂಡ್ರೆ ಉಸಿರೇ ನಿಂತುಹೋಗುತ್ತೆ. ಸೋಮವಾರ ಆಸ್ಪತ್ರೇಲಿ ಔಷಧಿ ಶುರು ಮಾಡ್ತಾರೆ. ಅಲ್ಲೀವರೆಗೆ ಯಾರಾದ್ರೂ ಜೊತೇಲಿರಿ."

ಸೋಮವಾರದವರೆಗೆ ಹುಡುಗ ಉಳಿದರೆ ಸಾಕಿತ್ತು. ಅಕ್ಕ ಮನೆಯನ್ನೆಲ್ಲ ಜಾಲಾಡಿದಳು. ದಿಂಬು ಬಿಚ್ಚಿದಳು, ಅಕ್ಕಿ ಡಬ್ಬ ಬೋರಲು ಹಾಕಿದಳು. ಪುಡಿಯ ಪೊಟ್ಟಣ ಒಂದೂ ಸಿಗಲಿಲ್ಲ. ಆದರೆ ಶನಿವಾರ ಅವಳು ಕೆಲಸ ಮಾಡುವ ಲಾಂಡ್ರಿಯಲ್ಲಿ ಹೋಟೆಲಿನ ಚಾದರಗಳು ರಾಶಿ ಬಿದ್ದಿದ್ದವು. ರಜೆ ಕೇಳಿದರೆ, "ತಗೊಳಮ್ಮ, ಪೂರ್ತಿ ತಗೊಂಡುಬಿಡು, ಆ ಇಸ್ತ್ರಿ ಹಿಡಿಯೋಕೆ ಬೇರೆ ಜನ ಇದಾರೆ" ಅಂದ ಮಾಲೀಕ. ಮನೆ ನಡೆಯುತ್ತಿದ್ದುದೇ ಆ ಇಸ್ತ್ರಿಯಿಂದ. ಪಾಪ, ಅವಳಾದರೂ ಏನು ಮಾಡಿಯಾಳು?

"ಹೊರಗಿನಿಂದ ಬೀಗ ಹಾಕ್ತೀನೋ, ಬೇಜಾರು ಮಾಡ್ಕೋಬೇಡ" ಅಂದಳು.

"ಹಾಕಕ್ಕ. ಅಲ್ಲಿ ಬೀಗ ಹಾಕೋರಿಗೆ ಸಂಬಳ ಕೊಡ್ತಿದ್ರು, ನೀನು ಬಿಟ್ಟಿ ಹಾಕ್ತೀಯ" ಎಂದು ತಮ್ಮ ನಕ್ಕ. ಎಷ್ಟೋ ಕಾಲದ ಮೇಲೆ ಅವನು ನಕ್ಕಿದ್ದು ನೋಡಿ ಅವಳೂ ನಕ್ಕಳು.

ಕೀಲಿಯನ್ನು ಪಕ್ಕದ ಮನೆಯ ಅಜ್ಜಿಯ ಕೈಗೆ ಕೊಟ್ಟಳು. "ಬೆಂಕಿಗಿಂಕಿ ಬಿದ್ರೆ ಮಾತ್ರ ತೆಗೀರಿ ಅಜ್ಜಿ. ಅವನು ಏನಂದ್ರೂ ನಂಬಬೇಡಿ. ಕಣ್ಣೀರು ಹಾಕಿ ಹಾಕಿಯೇ ನನಗೆ ಎಷ್ಟು ಸಲ ಟೋಪಿ ಹಾಕಿದಾನೆ."

"ನನ್ನ ಹತ್ರ ನಡೆಯುತ್ತಾ ಅದೆಲ್ಲ?" ಎಂದಳು ಅಜ್ಜಿ.

ಸಂಜೆ ಅಕ್ಕ ಬಂದಾಗ ಅಜ್ಜಿ ಮೆಟ್ಟಿಲ ಮೇಲೆ ಗೆದ್ದವಳ ಹಾಗೆ ಕೂತಿದ್ದಳು. "ನಿನ್ನ ತಮ್ಮ ಭಾರೀ ಕಿಲಾಡಿ ಕಣೆ! ಕಿಟಕಿ ಹತ್ರ ಬಂದು ಗೋಗರೆದ. 'ಫ್ಯಾನಿನ ಮೇಲಿನ ಬಟ್ಟಲೊಳಗೆ ನಾನೇ ಯಾವತ್ತೋ ಇಟ್ಟ ಪೊಟ್ಟಣ ನೆನಪಾಯ್ತು ಅಜ್ಜಿ, ತೆಗೆದುಬಿಟ್ಟೆ, ಭಯ ಆಗ್ತಿದೆ, ಬಾಗಿಲು ತೆಗೀರಿ, ಅಕ್ಕನ ಹತ್ರ ಓಡಿಹೋಗ್ತೀನಿ' ಅಂದ. 'ಬಿಸಾಕೋ ಅದನ್ನ' ಅಂದೆ. 'ಕೈ ಬರ್ತಿಲ್ಲ ಅಜ್ಜಿ' ಅಂತಾನೆ! ಎಂಥಾ ಕಥೆ ಕಟ್ತಾನೆ ನೋಡು. ನಾನು ಸೊಪ್ಪೇ ಹಾಕಲಿಲ್ಲ. ಆಮೇಲೆ ತಾನಾಗಿ ಸುಮ್ಮನಾದ."

ಅಕ್ಕ ಅಜ್ಜಿಯ ಭುಜ ಹಿಡಿದಳು. "ಯಾವಾಗ ಸುಮ್ಮನಾದ?"

"ಮಧ್ಯಾಹ್ನವೇ. ಮಲಗಿರಬೇಕು, ಬಿಡು."

ಕೀಲಿ ಕಿತ್ತುಕೊಂಡು ಓಡಿದಳು. ಬೀಗ ಬಿಚ್ಚಿದರೂ ಬಾಗಿಲು ಅರ್ಧಕ್ಕೇ ನಿಂತಿತು. ಭುಜ ಕೊಟ್ಟು ತಳ್ಳಿ ಒಳಗೆ ನುಗ್ಗಿದಳು. ತಮ್ಮ ಬಾಗಿಲಿಗೇ ಒರಗಿ ಕೂತಿದ್ದ. ಚಪ್ಪಲಿ ಮೆಟ್ಟಿಕೊಂಡು, ಹೊರಟವನ ಹಾಗೆಯೇ ಇದ್ದ. ತುಟಿ ನೀಲಿಗಟ್ಟಿತ್ತು. ಮೈ ತಣ್ಣಗಿತ್ತು. ಅವಳು ಅವನ ಹೆಸರು ಹಿಡಿದು ಕೂಗಿದಳು, ಅಲುಗಾಡಿಸಿದಳು, ಕೆನ್ನೆಗೆ ಹೊಡೆದಳು.

ಹಿಂದೆಯೇ ಬಂದ ಅಜ್ಜಿ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಅಯ್ಯೋ ಮಗಳೇ, ಅವನು ನಿಜ ಹೇಳ್ತಿದ್ನೇನೆ?"

ಅಜ್ಜಿಯನ್ನು ಬಯ್ಯಲು ಅಕ್ಕನಿಗೆ ಬಾಯಿ ಬರಲಿಲ್ಲ. ತಮ್ಮನ ತಲೆಯನ್ನು ಮಡಿಲಿಗೆ ಎಳೆದುಕೊಂಡು, "ಹೂಂ ಅಜ್ಜಿ" ಅಂದಳು. "ಈ ಸಲ ನಿಜ ಹೇಳಿದಾನೆ."