ಹೊಲಿಗೆ ಹೊರಗೆ

ಬಟ್ಟೆಗೆ ಚಿಕ್ಕದಾಗಲು ಬರುವುದಿಲ್ಲ. ಗೊಂಬೆಗೆ ಒಂದು ಸಲವೂ ಅಂಗಿ ಹೊಲಿಯದವರಿಗೆ ಈ ಮಾತು ತಲೆಗೆ ಹೋಗುವುದೇ ಇಲ್ಲ. ನಮ್ಮೆದುರಿನ ಗಡಿಯಾರ ರಿಪೇರಿಯವನು ದಿನಾ ಕೇಳುತ್ತಾನೆ, "ದೊಡ್ಡೋರಿಗೆ ಹೊಲಿಯೋನಿಗೆ ಗೊಂಬೆ ಏನು ಲೆಕ್ಕ? ಕಡಿಮೆ ಬಟ್ಟೆ, ಕಡಿಮೆ ದಾರ. ಅಷ್ಟೇ ತಾನೆ?"

ಅಷ್ಟೇ ಅಂತೆ, ಅಷ್ಟೇ. ರ‍್ಯಾಂಪಿನ ಮೇಲೆ ನಡೆದು ಬರುವ ಹುಡುಗಿಯ ಲಂಗ ನೀರಿನ ಹಾಗೆ ಅವಳ ಹಿಂದೆ ಹರಿಯುತ್ತದೆ. ಅದೇ ಬಟ್ಟೆಯಲ್ಲಿ ಅದೇ ಲಂಗ ಹೊಲಿದು ಗೇಣುದ್ದದ ಗೊಂಬೆಗೆ ತೊಡಿಸಿ ನೋಡಿ, ಕೊಡೆ ಬಿಚ್ಚಿದ ಹಾಗೆ ನಿಲ್ಲುತ್ತದೆ. ನಮ್ಮ ದಾರ ಅದಕ್ಕೆ ಹಗ್ಗ, ನಮ್ಮ ಗುಂಡಿ ಅದಕ್ಕೆ ಊಟದ ತಟ್ಟೆ. ಅದಕ್ಕಾಗಿ ನಾನು ಒಗೆದೊಗೆದು ಸವೆದ ಕರವಸ್ತ್ರ, ಹಳೇ ಕೋಟಿನ ಅಸ್ತರ, ತೆಳ್ಳಗಾಗಿ ಜೀವ ಬಿಟ್ಟ ದಿಂಬಿನ ಚೀಲ ಇವನ್ನೇ ಹುಡುಕುತ್ತೇನೆ. ಸತ್ತ ಬಟ್ಟೆ ಮಾತ್ರ ಗೊಂಬೆಯ ಮೈಮೇಲೆ ಜೀವ ಹಿಡಿಯುತ್ತದೆ.

ಏಳನೇ ತರಗತಿಯಲ್ಲಿ ಮೇಷ್ಟ್ರು ನನ್ನನ್ನು ಹೊರಗೆ ನಿಲ್ಲಿಸಿದರು. ನಾನು ಹೊರಗಿನಿಂದ ಹಾಗೇ ಮನೆಗೆ ಬಂದೆ, ಮತ್ತೆ ಒಳಗೆ ಹೋಗಲಿಲ್ಲ. ಬಂದವನನ್ನು ದೊಡ್ಡಮ್ಮ, ಅಮ್ಮನ ಅಕ್ಕ, ಮಷಿನ್ನಿನ ಮುಂದೆ ಕೂರಿಸಿದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಹಿಗ್ಗಿಸುವುದು, ಜಿಪ್ಪು ಬದಲಿಸುವುದು. ಊರಿನವರ ಹೊಟ್ಟೆ ಬೆಳೆದಂತೆಲ್ಲ ನಮ್ಮ ಹೊಟ್ಟೆ ತುಂಬುತ್ತದೆ. ಇದರಲ್ಲಿ ತಪ್ಪೇನಿಲ್ಲ, ಆದರೆ ಇನ್ನೊಬ್ಬರು ಹೊಲಿದದ್ದನ್ನು ಬಿಚ್ಚುವುದೇ ಕೆಲಸವಾದರೆ ಮೈಯೆಲ್ಲ ಉರಿಯುತ್ತದೆ. ಹಾಗಾಗಿ ವರ್ಷಕ್ಕೆರಡು ಸಲ, ದೊಡ್ಡ ದೊಡ್ಡ ಶಹರಗಳಲ್ಲಿ ಫ್ಯಾಷನ್ ಶೋ ನಡೆದಾಗ, ಫೋನಿನಲ್ಲಿ ಒಂದೂ ಬಿಡದೆ ನೋಡಿ, ಆ ಸೀಸನ್ನಿನ ಉಡುಪನ್ನು ಚಿಂದಿಯಲ್ಲಿ ಗೊಂಬೆಗೆ ಇಳಿಸುತ್ತೇನೆ. ಬೀದಿ ಮೂಲೆಯ ಆಟಿಕೆ ಅಂಗಡಿಯ ಯಜಮಾನಿ ತೆಗೆದುಕೊಂಡು, ಬಣ್ಣದ ಪೆನ್ಸಿಲಿನ ಡಬ್ಬಿಗಳ ಹಿಂದೆ, ನೊಣವೂ ನೋಡದ ಜಾಗದಲ್ಲಿ ಇಡುತ್ತಾರೆ.

ಈ ಸಲ ಮಾತ್ರ ಅವರ ಬಾಯಿಂದ ಬೇರೆ ಮಾತು ಬಂತು. "ಬೀದಿ ಕಡೆಯ ಗಾಜಿನ ಕಪಾಟು ಖಾಲಿ ಮಾಡಿಸ್ತಿದೀನಪ್ಪ. ಗೊಂಬೆಗಳ ರ‍್ಯಾಂಪು ಮಾಡೋಣ ಅಂತ. ಕಂಪನಿಯವರ ಮಾಲೂ ಬಂದಿದೆ, ಡಬ್ಬದಲ್ಲಿ. ನಿನ್ನದೂ ತೋರಿಸು, ನೋಡೋಣ."

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಆದರೂ ನನಗೆ ಅಷ್ಟು ಸಾಕಾಗಿತ್ತು. ಆ ಕಪಾಟು ಬಸ್ಸು ನಿಲ್ಲುವ ಜಾಗಕ್ಕೆ ನೇರ ಎದುರು. ಬಸ್ಸಿಗೆ ಕಾಯುವ ಊರೆಲ್ಲ ಅದನ್ನೇ ನೋಡಬೇಕು, ಬೇರೆ ದಾರಿಯಿಲ್ಲ. ಡಬ್ಬದ ಮಾಲೆಂದರೆ ಹಿಂದೆ ಒಂದು ಅಂಟುಪಟ್ಟಿ, ಮುಂದೆ ಒಂದು ಮಿಂಚು, ತೋಳಿನಲ್ಲಿ ಕೈ ತೂರದು. ಅದಕ್ಕೆ ನನ್ನ ಕಪಾಟು ಹೋಗುವುದೆಂದರೆ? ಆಗಲೇ ಅದು ನನ್ನ ಕಪಾಟಾಗಿತ್ತು.

ಆ ಸೀಸನ್ನಿಗೆ ಡಿಸೈನರುಗಳೆಲ್ಲ ಕೂಡಿ ಒಂದೇ ಹುಚ್ಚಿಗೆ ಬಿದ್ದಿದ್ದರು. ಅಂಗಿ, ಕೋಟು, ಲಂಗ ಎಲ್ಲದರ ಒಳಗಿನ ಹೊಲಿಗೆ ಹೊರಗೆ. ಅಂಚು ಮಡಿಸುವಂತಿಲ್ಲ, ಎಳೆ ಜೋತಾಡಬೇಕು. ಬಣ್ಣವೂ ಇಲ್ಲ, ಬರೀ ಬಿಳಿ, ಬೂದಿ. ನೋಡಿದರೆ ಹೊಲಿಗೆ ಮುಗಿಯುವ ಮೊದಲೇ ಎದ್ದು ಬಂದ ಹಾಗೆ. ಮೊದಲು ನನಗೆ ಸಿಟ್ಟೇ ಬಂತು, ನಮ್ಮಂಥವರು ಹೀಗೆ ಹೊಲಿದು ಕೊಟ್ಟರೆ ಗಿರಾಕಿ ಮುಖಕ್ಕೆ ಎಸೆಯುತ್ತಾನೆ. ಎರಡನೇ ಸಲ ನೋಡಿದಾಗ ಹೊಟ್ಟೆಕಿಚ್ಚಾಯಿತು. ಮೂರನೇ ಸಲ ಕತ್ತರಿ ಹಿಡಿದೆ.

ಜೋತಾಡುವ ಎಳೆಯೇ ದೊಡ್ಡ ತಲೆನೋವು. ಗೊಂಬೆಯ ಲಂಗದಲ್ಲಿ ಒಂದು ಎಳೆ ಜೋತರೆ ಫ್ಯಾಷನ್ ಅನ್ನಿಸುವುದಿಲ್ಲ, ಇಲಿ ಕಡಿದಿದೆ ಅನ್ನಿಸುತ್ತದೆ. ಗಡಿಯಾರದವನ ಚಿಮಟ ಇಸಕೊಂಡು, ಅಂಚಿನ ಅಡ್ಡ ಎಳೆಗಳನ್ನು ಒಂದೊಂದಾಗಿ ಎಳೆದು, ಉಳಿದ ಉದ್ದ ಎಳೆಗಳನ್ನು ಸೂಜಿಮೊನೆಯಲ್ಲಿ ಬಾಚಿದೆ. ರೆಪ್ಪೆಗೂದಲಿನ ಹಾಗೆ ನಿಂತವು. ಒಂದು ಉದ್ದ ಕೋಟು, ಒಂದು ಗೆರೆಗೆರೆ ಲಂಗ, ಎರಡು ಅಂಗಿ, ಒಂದು ತೋಳಿಲ್ಲದ ನಿಲುವಂಗಿ. ಶನಿವಾರ ಬೆಳಗ್ಗೆ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹಾಸಿ, ರ‍್ಯಾಂಪಿಗೆಂದು ಹಲಗೆ ನಯ ಮಾಡಿಸಲು ಬಡಗಿಯ ಬಳಿ ಹೋದೆ. ಸಂಜೆ ಯಜಮಾನಿ ಬರುವವರಿದ್ದರು.

ಬಡಗಿ ಕಾಯಿಸಿದ. "ಈಗ ಬಂದೆ" ಎಂದು ಹೋದವನು ಊಟ ಮುಗಿಸಿ, ನಿದ್ದೆ ಮುಗಿಸಿ ಬಂದ. ನಾನು ಹಲಗೆ ಹೊತ್ತು ಮನೆಗೆ ಬಂದಾಗ ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ಆಗಷ್ಟೇ ಕೆಳಗಿಟ್ಟಿದ್ದಳು. ಮುಖದಲ್ಲಿ ಊರು ಗೆದ್ದ ಕಳೆ.

"ನೋಡಪ್ಪ, ನಿನ್ನ ಕೆಲಸ ಎಲ್ಲಾ ಮುಗಿಸಿಟ್ಟಿದೀನಿ" ಎಂದಳು. "ಅರ್ಜೆಂಟಲ್ಲಿ ನೀನು ಎಲ್ಲಾನೂ ಉಲ್ಟಾ ಹೊಲಿದಿದ್ದೆ. ಅಂಚೂ ಕಟ್ಟಿರಲಿಲ್ಲ. ಆಯಮ್ಮ ನೋಡಿದ್ರೆ ಏನಂದ್ಕೋತಾರೆ?"

ಮೇಜಿನ ಮೇಲೆ ಐದು ಉಡುಪು, ಗೊಂಬೆಗಳಲ್ಲೇ ಮರ್ಯಾದಸ್ಥ ಮನೆತನದವು ತೊಡುವಂಥವು. ಹೊಲಿಗೆ ಒಳಗೆ. ನನ್ನ ರೆಪ್ಪೆಗೂದಲುಗಳನ್ನೆಲ್ಲ ಕತ್ತರಿಸಿ, ಅಂಚನ್ನು ಮಡಿಸಿ, ಹೊರಗೆ ಒಂದು ಚುಕ್ಕೆಯೂ ಕಾಣದ ಹಾಗೆ ಕೈಹೊಲಿಗೆ ಹಾಕಿ, ಇಸ್ತ್ರಿ ಒತ್ತಿಟ್ಟಿದ್ದಳು. ಕೆಳಗೆ ನೆಲದ ಮೇಲೆ, ನಾಲ್ಕು ದಿನ ಉಸಿರು ಬಿಗಿಹಿಡಿದು ಬಾಚಿದ ಎಳೆಗಳು, ಕ್ಷೌರದಂಗಡಿಯ ನೆಲದ ಹಾಗೆ.

ಹಲಗೆ ನನ್ನ ಕಾಲಮೇಲೆ ಬಿತ್ತು. ಅದಕ್ಕೂ ಸೇರಿಸಿ ಕಿರುಚಿದೆ.

"ಯಾರು ಮುಟ್ಟು ಅಂದ್ರು ನಿನಗೆ? ಅದು ಹಾಗೇ ಇರಬೇಕಿತ್ತು. ಅದೇ ಫ್ಯಾಷನ್ನು."

"ಯಾವುದು ಫ್ಯಾಷನ್ನು?"

"ಉಲ್ಟಾ."

ದೊಡ್ಡಮ್ಮ ಕನ್ನಡಕ ಹಣೆಗೇರಿಸಿ ನನ್ನ ಕಣ್ಣನ್ನೇ ನೋಡಿದಳು, ಜ್ವರ ಬಂದಿದೆಯೇನೋ ಎಂಬಂತೆ. ಫೋನು ತೆಗೆದು ತೋರಿಸಿದೆ. ಒಂದೊಂದಾಗಿ ನಡೆದು ಬರುವ ಹುಡುಗಿಯರನ್ನು ನೋಡುತ್ತ ನೋಡುತ್ತ ಅವಳ ಮುಖ ಹುಳಿಯಾಯಿತು. "ಅಯ್ಯೋ ಪಾಪ, ಇವರಿಗೆಲ್ಲ ಹೇಳೋರು ಯಾರೂ ಇಲ್ವಾ?"

"ಊರಿಗೆಲ್ಲ ಹೇಳೋರೇ ಅವರು. ಸಂಜೆ ಆಯಮ್ಮ ಬರ್ತಾರೆ. ಇದನ್ನ ನೋಡಿ ಏನಂತಾರೆ? ಡಬ್ಬದ ಮಾಲಿಗೂ ನಮ್ಮದಕ್ಕೂ ಏನು ವ್ಯತ್ಯಾಸ ಅಂತಾರೆ. ಹೋಯ್ತು ಕಪಾಟು. ಕೈಗೆ ಬಂದ ತುತ್ತು."

"ಡಬ್ಬದ ಮಾಲಿಗೂ ನನ್ನ ಕೈಹೊಲಿಗೆಗೂ ವ್ಯತ್ಯಾಸ ಇಲ್ವಾ?" ದೊಡ್ಡಮ್ಮನಿಗೂ ಏರಿತು. ನಮ್ಮ ವಂಶದಲ್ಲಿ ಕೋಪಕ್ಕೆ ಬರವಿಲ್ಲ. "ನಿನಗೆ ಸೂಜಿ ಹಿಡಿಯೋದು ಕಲಿಸಿದ್ದು ನಾನು. ಉಲ್ಟಾ ಬೇಕಾದ್ರೆ ತಿರುಗಿಸಿ ಹಾಕು. ಅದಕ್ಯಾಕೆ ಊರಿಗೆ ಕೇಳೋ ಹಾಗೆ ಕಿರುಚ್ತೀಯ?"

ಹೇಳಿ ಮುಗಿಸಿದವಳೇ ಸಿಟ್ಟಿನಲ್ಲಿ ಕೋಟನ್ನು ಎತ್ತಿ, ಒಳಗೆ ಬೆರಳು ತೂರಿಸಿ, ಸರಕ್ಕನೆ ಒಳಮೈ ಹೊರಗೆ ಮಾಡಿ ನನ್ನ ಕಡೆ ಎಸೆದಳು.

ನಾನು ಹಿಡಿದುಕೊಂಡೆ. ಬೈಯಲು ಬಾಯಿ ತೆರೆದವನ ಕಣ್ಣು ಅಂಚಿನ ಮೇಲೆ ಬಿತ್ತು.

ಬಿಳಿ ಕೋಟಿನ ಅಂಚಿಗೆಲ್ಲ ಕೆಂಪು ಹೊಲಿಗೆ. ಓರೆ ಓರೆಯಾಗಿ, ಒಂದು ಉದ್ದ, ಒಂದು ಗಿಡ್ಡ. ಒಂದು ಕಡೆ ಗುಂಪು, ಇನ್ನೊಂದು ಕಡೆ ದೂರ ದೂರ. ಆಟದ ಚಡ್ಡಿಗಳಿಗೆ ಪಟ್ಟಿ ಹೊಲಿಯುತ್ತಿದ್ದ ಕೆಂಪು ದಾರ ಸೂಜಿಯಲ್ಲೇ ಇತ್ತು, ಅದನ್ನೇ ಎಳೆದುಬಿಟ್ಟಿದ್ದಾಳೆ. ಹೊರಗೆ ಎಷ್ಟು ಶಿಸ್ತೋ ಒಳಗೆ ಅಷ್ಟು ಧಿಮಾಕು. ಕೆಂಪಿರುವೆ ಸಾಲು ಜಗಳವಾಡಿಕೊಂಡು ಹೊರಟ ಹಾಗಿತ್ತು. ಫೋನಿನೊಳಗಿನ ಒಬ್ಬ ಡಿಸೈನರಿಗೂ ಇದು ಹೊಳೆದಿರಲಿಲ್ಲ.

"ಈ ದಾರ..." ಎಂದೆ.

"ಒಳಗಿನ ಹೊಲಿಗೆಗೆ ಯಾವ ದಾರ ಆದ್ರೇನು? ಯಾರು ನೋಡ್ತಾರೆ?"

"ಊರೆಲ್ಲ ನೋಡುತ್ತೆ. ಎಲ್ಲಾನೂ ತಿರುಗಿಸು."

ಆಗ ಗೊತ್ತಾಯಿತು ಅವಳಿಗೆ ನಾನೇನು ಹೇಳುತ್ತಿದ್ದೇನೆಂದು. ಮೇಜಿನ ಮೇಲಿದ್ದ ನಾಲ್ಕನ್ನೂ ಎರಡೂ ಕೈಯಲ್ಲಿ ಬಾಚಿ ಎದೆಗೆ ಅವುಚಿಕೊಂಡಳು. "ಆಗೋದಿಲ್ಲ. ಒಳಲಂಗದಲ್ಲಿ ಬೀದಿಗೆ ಹೋದ ಹಾಗಾಗುತ್ತೆ. ಬೇಕಿದ್ರೆ ಬಿಚ್ಚಿ ಬಿಳಿ ದಾರದಲ್ಲಿ ನೀಟಾಗಿ ಹಾಕ್ಕೊಡ್ತೀನಿ, ಕೊಡು ಆ ಕೋಟು."

"ಮುಟ್ಟಿದ್ರೆ ನೋಡು."

"ನನ್ನ ಹೊಲಿಗೆ, ನಾನು ಬಿಚ್ತೀನಿ."

"ನನ್ನ ಕೋಟು."

ಕೋಟಿಗೆ ಅಂಗೈಯಷ್ಟೂ ಅಗಲವಿಲ್ಲ. ಅದರ ಒಂದು ತೋಳು ನನ್ನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಯಜಮಾನಿ ಬೇಗನೇ ಬಂದುಬಿಟ್ಟಿದ್ದರು.

"ಬಿಡುವಾದಾಗ ಬರಲಾ?" ಎಂದರು.

ಇಬ್ಬರೂ ಒಟ್ಟಿಗೇ ಕೈಬಿಟ್ಟೆವು. ಕೋಟು ನೆಲಕ್ಕೆ ಬಿತ್ತು, ಉಲ್ಟಾ ಆಗಿಯೇ. ಯಜಮಾನಿ ಬಗ್ಗಿ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದರು. ಅಂಚಿನ ಮೇಲೆ ಬೆರಳಾಡಿಸಿದರು. ದೊಡ್ಡಮ್ಮ ನೆಲ ನೋಡುತ್ತಿದ್ದಳು, ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ.

"ಈ ಕೆಂಪು ಯಾರು ಹಾಕಿದ್ದು?"

"ಕ್ಷಮಿಸಿ, ಅದು ಒಳಗಿಂದು" ಎಂದಳು ದೊಡ್ಡಮ್ಮ.

"ಮಿಷಿನ್ನಿಗೆ ಇದು ಬರೋದಿಲ್ಲ ಅಲ್ವಾ?"

"ಬಂದ್ರೆ ಮಿಷಿನ್ ಕೆಟ್ಟಿದೆ ಅಂತ ರಿಪೇರಿಗೆ ಕೊಡ್ತೀವಿ" ಎಂದೆ ನಾನು.

ಯಜಮಾನಿ ನಕ್ಕರು. ದೀಪವನ್ನು ಮೊದಲ ಸಲ ಅಡ್ಡಗೋಡೆಯಿಂದ ಇಳಿಸಿದರು. "ಸೋಮವಾರ ಕಪಾಟು ಜೋಡಿಸ್ತೀನಿ. ಐದು ಸಾಲದು, ಇನ್ನೂ ಐದು ಬೇಕು, ಇದೇ ಹೊಲಿಗೆಯಲ್ಲಿ. ಅಷ್ಟೂ ಆದ್ರೆ ಕಪಾಟು ನಿಮ್ಮದು. ಇಲ್ಲದಿದ್ರೆ ಅರ್ಧಂಬರ್ಧ ಇಡೋಕಾಗಲ್ಲ, ಡಬ್ಬ ಒಡೀತೀನಿ."

ಅವರು ಹೊರಟ ಮೇಲೆ ನಾನು ಕತ್ತರಿಸಲು ಕೂತೆ, ದೊಡ್ಡಮ್ಮ ಹೊಲಿಯಲು. ಮೊದಲನೇ ಅಂಗಿ ನನ್ನ ಕೈಗೆ ಬಂದಾಗ ಅಳು ಬರುವುದೊಂದು ಬಾಕಿ. ಕೆಂಪು ದಾರ ಸರಿ, ಆದರೆ ಹೊಲಿಗೆ ಅಡಿಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಒಂದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಇದೇನಿದು?"

"ಕಾಣುತ್ತೆ ಅಂದ್ಯಲ್ಲ. ಕಾಣೋದನ್ನ ಹೇಗೇಗೋ ಹಾಕೋಕೆ ನನ್ನ ಕೈ ಕೇಳೋದಿಲ್ಲ."

"ಯಾರೂ ನೋಡಲ್ಲ ಅಂದ್ಕೊಂಡು ಹಾಕು."

"ನೋಡ್ತಾರೆ ಅಂತ ಗೊತ್ತಲ್ಲ."

ಬಿಚ್ಚಿ ಕೊಟ್ಟೆ. ಈ ಸಲ ಬೇಕೆಂದೇ ಓರೆ ಹಾಕಿದಳು. ಎಲ್ಲ ಓರೆಗಳೂ ಒಂದೇ ಅಳತೆಯ ಓರೆ. ನಾನೇ ಹಾಕಿ ನೋಡಿದೆ, ನನ್ನದು ಧಿಮಾಕಿನ ಹೊಲಿಗೆಯಾಗಲಿಲ್ಲ, ಬರೀ ಕೆಟ್ಟ ಹೊಲಿಗೆಯಾಯಿತು. ಭಾನುವಾರ ಮಧ್ಯಾಹ್ನವಾದರೂ ಮೇಜಿನ ಮೇಲೆ ಹೊಸದಾಗಿ ಒಂದೂ ಮುಗಿದ ಉಡುಪಿಲ್ಲ. ಡಬ್ಬದೊಳಗಿನ ಅಂಟುಪಟ್ಟಿ ಗೊಂಬೆಗಳು ನನ್ನ ಕಪಾಟಿಗೆ ಹತ್ತುವುದು ಕಣ್ಣಿಗೆ ಕಟ್ಟಿತು. ತಲೆ ಕೆಟ್ಟು ಹೇಳಿಬಿಟ್ಟೆ, "ನಿನಗೆ ವಯಸ್ಸಾಯ್ತು ಬಿಡು. ಎದುರಿನ ಗಡಿಯಾರದವನನ್ನೇ ಕೂರಿಸ್ತೀನಿ. ಅವನ ಕೈ ಆದ್ರೂ ಆಡುತ್ತೆ."

"ಏನಂದೆ?" ಎಂದಳು ದೊಡ್ಡಮ್ಮ. ಸೂಜಿ ನಿಲ್ಲಲಿಲ್ಲ. "ಅವನಾ? ಹೋದ ವರ್ಷ ನನ್ನ ಗೋಡೆ ಗಡಿಯಾರ ಬಿಚ್ಚಿ ಮೂರು ಸ್ಕ್ರೂ ಉಳಿಸಿಕೊಂಡು ಕೊಟ್ಟೋನು. ಅವನು ಹೊಲೀತಾನಾ? ನಿಮ್ಮಮ್ಮನ ಅಂಗಿಗೆಲ್ಲ ಗುಂಡಿ ಹಾಕಿ ಬೆಳೆಸಿದ್ದು ನಾನು. ಅವಳಿಗೂ ಇದೇ ನಾಲಿಗೆ..."

ಬೈಗುಳ ಬಟ್ಟೆಯಂಚಿನ ಉದ್ದಕ್ಕೂ ಹೋಯಿತು. ಮುಗಿದಾಗ ಕಿತ್ತುಕೊಂಡು ನೋಡಿದೆ. ಇರುವೆಗಳು ಬಂದಿದ್ದವು. ಉದ್ದ, ಗಿಡ್ಡ, ಗುಂಪು, ದೂರ, ಅದೇ ಧಿಮಾಕು.

ಅವಳಿಗೂ ತೋರಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಏನು ಮಾಡಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ. ನಾನು ಅವಳ ಸಾರಿಗೆ ಉಪ್ಪಿಲ್ಲವೆಂದೆ, ಒಂದು ತೋಳು ಮುಗಿಯಿತು. ಅವಳ ಗೊರಕೆಗೆ ಪಕ್ಕದ ಮನೆಯ ಪಾತ್ರೆ ಅದುರುತ್ತವೆಂದೆ, ಇಡೀ ಲಂಗದ ಸುತ್ತು ಮುಗಿಯಿತು. ಅವಳೂ ಸುಮ್ಮನಿರಲಿಲ್ಲ. ಏಳನೇ ತರಗತಿಯನ್ನು ಎತ್ತಿದಳು, ನನ್ನ ತಲೆಗೂದಲನ್ನು ಎತ್ತಿದಳು, ಮದುವೆಯಾದರೆ ಹೆಂಡತಿಯಾಗಿ ಬರುವವಳಿಗೆ ಮುಂಗಡವಾಗಿ ಸಂತಾಪ ಹೇಳಿದಳು. ಗದ್ದಲ ಕೇಳಿ ಗಡಿಯಾರದವನು ಓಡಿ ಬಂದ.

"ಸಾಕು ಬಿಡಿ, ಅಕ್ಕ. ಚಿಕ್ಕೋನು, ಏನೋ ಅಂದಿರ್ತಾನೆ."

"ನಡೀ ಆಚೆ, ಕೆಲಸ ಕೆಡಿಸ್ಬೇಡ" ಎಂದೆವು ಇಬ್ಬರೂ ಒಂದೇ ಬಾಯಲ್ಲಿ.

ದೀಪ ಹಚ್ಚುವ ಹೊತ್ತಿಗೆ ಒಂದು ಕೋಟು ಉಳಿದಿತ್ತು. ದೊಡ್ಡಮ್ಮ ಕನ್ನಡಕ ಒರೆಸಿ, ಸೂಜಿಗೆ ಕೆಂಪು ದಾರ ಪೋಣಿಸಿ, ಸುಮ್ಮನೆ ಕೂತಳು.

"ಕೋಪ ಖಾಲಿ ಆಯ್ತು ಕಣೋ. ಏನಾದ್ರೂ ಅನ್ನು."

ಹುಡುಕಿದೆ. ನನಗೂ ಖಾಲಿಯಾಗಿತ್ತು. ನನ್ನ ಜೀವನದಲ್ಲಿ ಅದೇ ಮೊದಲು. ಕೊನೆಗೆ, "ನೀನು ಹಾಕೋ ಕಾಜ ಸೊಟ್ಟ" ಎಂದೆ. ಶುದ್ಧ ಸುಳ್ಳು. ಅವಳು ಒಂದು ಗಳಿಗೆ ನನ್ನನ್ನು ದಿಟ್ಟಿಸಿದಳು, ಸೂಜಿ ಕೋಟಿನೊಳಕ್ಕೆ ಇಳಿದು ಕುದುರೆಯ ಹಾಗೆ ಓಡಿತು.

ಸೋಮವಾರ ಮಧ್ಯಾಹ್ನ ಕಪಾಟಿನ ಗಾಜು ಮುಚ್ಚಿದರು. ಹಲಗೆಯ ಮೇಲೆ ಹತ್ತೂ ಗೊಂಬೆ ಒಂದರ ಹಿಂದೊಂದು, ಬಿಳಿ, ಬೂದಿ, ಕೆಂಪಿರುವೆ ಸಾಲು. ಡಬ್ಬ ಒಳಗೆ ಹೋಯಿತು. ನಾನು ಹೊರಗೆ ಬಂದು ನೋಡಿದರೆ ದೊಡ್ಡಮ್ಮ ಬಸ್ಸಿಗೆ ಕಾಯುವವರ ನಡುವೆ ನಿಂತಿದ್ದಾಳೆ. ಚೀಲ ಹಿಡಿದ ಒಬ್ಬಾಕೆ ಕಪಾಟಿನತ್ತ ಬಗ್ಗಿ ನೋಡಿ, "ಪಾಪ, ಯಾರೋ ಬಟ್ಟೇನೆಲ್ಲ ಉಲ್ಟಾ ಹಾಕಿದಾರೆ" ಎಂದರು.

"ಉಲ್ಟಾ ಅಲ್ಲಮ್ಮ" ಎಂದಳು ದೊಡ್ಡಮ್ಮ, ಸೆರಗು ಸರಿಮಾಡಿಕೊಳ್ಳುತ್ತ. "ಈ ಸೀಸನ್ನಿಗೆ ಹಾಗೇ. ಫೋನಲ್ಲಿ ನೋಡಿಲ್ವಾ ನೀವು?"