ಕುದುರೆ ತೊಟ್ಟಿ

ಸೈಕಲ್ ರಿಪೇರಿಯವನ ಅಂಗಡಿ ಎಂದರೆ ಒಂದು ತಗಡಿನ ಮಾಡು, ಎರಡು ಪಂಪು, ಮುಂದೊಂದು ಕಲ್ಲುತೊಟ್ಟಿ, ಅಷ್ಟೇ. ಟ್ಯೂಬಿಗೆ ಗಾಳಿ ತುಂಬಿ ತೊಟ್ಟಿಯ ನೀರಿನಲ್ಲಿ ಅದ್ದಿದರೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದಲ್ಲಿ ತೂತು. ಅಪ್ಪನ ಕಾಲದಿಂದಲೂ ಹೀಗೇ. ಆ ತೊಟ್ಟಿಯನ್ನು ಯಾರು ತಂದಿಟ್ಟರು ಎಂದು ತಲೆ ಕೆಡಿಸಿಕೊಳ್ಳುವಷ್ಟು ಪುರುಸೊತ್ತು ಅವನಿಗೂ ಇರಲಿಲ್ಲ, ಬೀದಿಗೂ ಇರಲಿಲ್ಲ.

ತಲೆ ಕೆಡಿಸಿಕೊಳ್ಳಲು ಬೇರೆಯವರಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಭಾನುವಾರ ಬಿಳಿ ಟೋಪಿ ಹಾಕಿದ ಇಪ್ಪತ್ತು ಜನರನ್ನು ಕಟ್ಟಿಕೊಂಡು ಬೀದಿ ಬೀದಿಯಲ್ಲಿ ಹಳೆಯ ಕುರುಹು ಹುಡುಕುತ್ತಿದ್ದರು. ಮೋರಿಯ ಚಪ್ಪಡಿಯನ್ನೂ ಬಿಡುತ್ತಿರಲಿಲ್ಲ. ಒಂದು ದಿನ ತೊಟ್ಟಿಯ ಮುಂದೆ ನಿಂತವರೇ, "ಇದು ಕುದುರೆಗಳಿಗೆ ನೀರು ಕುಡಿಸ್ತಿದ್ದ ತೊಟ್ಟಿ ಕಣಯ್ಯಾ! ಇಂಥದ್ರಲ್ಲಿ ಟ್ಯೂಬು ಅದ್ದುತ್ತೀಯಲ್ಲ!" ಎಂದು ಹೌಹಾರಿದರು. ಆಗ ನೀರಿನಲ್ಲಿದ್ದದ್ದು ಮೇಷ್ಟ್ರ ಸೈಕಲ್ಲಿನದೇ ಟ್ಯೂಬು.

ಅದೇ ವಾರ ನಗರಸಭೆಯ ನೋಟೀಸು ಬಂತು. ಫುಟ್‌ಪಾತ್ ಅಗಲ ಮಾಡಬೇಕು, ಅಂಗಡಿ ಎತ್ತಬೇಕು. ಅವನಿಗೆ ಬೇರೆ ಕಸುಬೂ ಗೊತ್ತಿಲ್ಲ, ಬೇರೆ ಜಾಗವೂ ಇಲ್ಲ. ಹೆಂಡತಿ ಚುರುಕು.

"ತೊಟ್ಟಿ ಪುರಾತನದ್ದು ಅಂತ ಬರೆಸಿಬಿಡಿ. ಅದನ್ನ ಕದಲಿಸೋ ಹಾಗಿಲ್ಲ ಅಂದ್ರೆ ನಮ್ಮನ್ನ ಹೇಗೆ ಕದಲಿಸ್ತಾರೆ?" ಎಂದಳು. ಮೇಷ್ಟ್ರು ಕೇಳಿದ್ದೇ ತಡ, ಅರ್ಜಿ ಬರೆದುಕೊಟ್ಟರು.

ಪುರಾತತ್ವ ಇಲಾಖೆಯ ತಜ್ಞರು ನೋಡಲು ಬರುವ ಹಿಂದಿನ ದಿನ ಅವನೊಂದು ಎಡವಟ್ಟು ಮಾಡಿದ. ಯಾವ ಸೈಕಲ್ಲನ್ನೂ ಒರೆಸದೆ ಗಿರಾಕಿಗೆ ಕೊಟ್ಟವನಲ್ಲ. ತೊಟ್ಟಿಯನ್ನು ಹಾಗೇ ಬಿಟ್ಟಾನೆಯೇ? ಪಾಚಿ ಕೆರೆದು, ಸೋಡಾ ಹಾಕಿ ತಿಕ್ಕಿ, ಮಡ್‌ಗಾರ್ಡಿಗೆ ಹೊಡೆಯುವ ಬೆಳ್ಳಿ ಬಣ್ಣವನ್ನು ಎರಡು ಕೋಟು ಬಳಿದ. ತೊಟ್ಟಿ ಮದುಮಗನ ಹಾಗೆ ಮಿಂಚಿತು.

"ಇದು ಹೋದ ವರ್ಷದ ಸಿಮೆಂಟು," ಎಂದರು ತಜ್ಞರು, ಕಾರಿನಿಂದ ಪೂರ್ತಿ ಇಳಿಯುವ ಮೊದಲೇ.

"ಅಯ್ಯೋ, ಕಲ್ಲು ಸಾರ್!" ಎಂದು ಅವನು ಟೈರು ಬಿಚ್ಚುವ ಕಬ್ಬಿಣದಿಂದ ಗರಗರ ಬಣ್ಣ ಕೆರೆದ. ಅಂಚಿನಲ್ಲಿ ಬೆರಳು ಕೂರುವಷ್ಟು ಸವೆದ ಗೀರೊಂದು ಕಾಣಿಸಿತು. ತಜ್ಞರು ಕನ್ನಡಕ ಏರಿಸಿಕೊಂಡು ಬಗ್ಗಿದರು.

"ಓಹೋ! ಕುದುರೆಗಳ ಲಗಾಮು ಉಜ್ಜಿ ಉಜ್ಜಿ ಆದ ಗುರುತು. ನೂರಾರು ವರ್ಷ ಬೇಕು ಇದಕ್ಕೆ. ಅಲ್ವೇನಯ್ಯಾ?"

ಅದು ಅಪ್ಪ ಚಾಕು ಮಸೆದ ಗುರುತು. ಪ್ಯಾಚು ಕತ್ತರಿಸುವ ಚಾಕುವನ್ನು ಅಪ್ಪ ದಿನಾ ಬೆಳಗ್ಗೆ ಅಲ್ಲೇ ಮಸೆಯುತ್ತಿದ್ದ, ಒಂದೇ ಜಾಗದಲ್ಲಿ, ನಲವತ್ತು ವರ್ಷ. ಆ ಸದ್ದಿಗೇ ಬೀದಿ ಏಳುತ್ತಿತ್ತು. ಈಗ ನಿಜ ಹೇಳಿದರೆ ಅಂಗಡಿ ಹೋಗುತ್ತದೆ. ಹೆಂಡತಿ ಹಿಂದಿನಿಂದ ತಿವಿದಳು.

"ಹೌದು ಸಾರ್. ಕುದುರೇದೇ," ಎಂದ. ಗೀರಿನ ಕಡೆ ನೋಡಲಿಲ್ಲ.

ತಿಂಗಳಲ್ಲಿ ಆದೇಶ ಬಂತು. ತೊಟ್ಟಿಗೆ ರಕ್ಷಣೆ ಸಿಕ್ಕಿತ್ತು. ಅದರ ಸುತ್ತ ಇಪ್ಪತ್ತು ಅಡಿಯೊಳಗೆ ಕುದುರೆಗಳ ಕಾಲಕ್ಕೆ ಹೊಂದದ ಯಾವುದೂ ಇರಕೂಡದು ಎಂದಿತ್ತು. ತಗಡಿನ ಮಾಡು ಮೊದಲು ಹೋಯಿತು.

"ಕುದುರೆಯಂತೂ ಇಲ್ಲ ಸಾರ್, ನಾನಾದ್ರೂ ಇರ್ತೀನಿ," ಎಂದು ಅವನು ಅಂಗಲಾಚಿದ.

"ನೀನು ಆ ಕಾಲದವನೇನಯ್ಯಾ?" ಎಂದರು ನಗರಸಭೆಯ ಇಂಜಿನಿಯರು. ನೀರು ನಿಂತರೆ ಕಲ್ಲು ಹಾಳಾಗುತ್ತದೆಂದು ತೊಟ್ಟಿಯನ್ನು ಒಣಗಿಸಿ, ಸುತ್ತ ಕಂಬಿ ಹಾಕಿಸಿ, ಫೋಟೋ ತೆಗೆಸಿಕೊಂಡು ಹೋದರು.

ಈಗ ಅವನು ಪಂಪು ಹೊತ್ತು ಮನೆ ಮನೆ ತಿರುಗುತ್ತಾನೆ. ಒಂದು ಭಾನುವಾರ ಅವನು ತೊಟ್ಟಿಯ ದಾರಿಯಲ್ಲಿ ಬರುವಾಗ ಮೇಷ್ಟ್ರು ಟೋಪಿಗಳ ನಡುವೆ ನಿಂತು ಲಗಾಮಿನ ಗುರುತು ತೋರಿಸುತ್ತಿದ್ದರು. ಅವನು ಪಂಪು ಕೆಳಗಿಟ್ಟ.

"ಅದು ಲಗಾಮಲ್ಲ ಮೇಷ್ಟ್ರೇ. ನಮ್ಮಪ್ಪ ಚಾಕು ಮಸೆದದ್ದು. ಪಕ್ಕದಲ್ಲಿ ಕೂತು ನಾನೇ ನೋಡಿದೀನಿ. ಅವತ್ತು ಸುಳ್ಳು ಹೇಳ್ಬಿಟ್ಟೆ," ಎಂದ.

ಎಲ್ಲರೂ ಅವನತ್ತ ತಿರುಗಿದರು. ಮೇಷ್ಟ್ರ ಮುಖ ಅರಳಿತು.

"ಬರ್ಕೊಳ್ಳಿ, ಬರ್ಕೊಳ್ಳಿ! ಹಳೆ ಕಲ್ಲು ಕಂಡಲ್ಲೆಲ್ಲ ಜನ ಎಷ್ಟು ಚೆಂದ ಕಥೆ ಕಟ್ತಾರೆ ನೋಡಿ."

ಇಪ್ಪತ್ತು ಪೆನ್ನುಗಳು ಹೊರಬಂದವು. ಅಪ್ಪನ ಹೆಸರೇನೆಂದು ಒಬ್ಬರೂ ಕೇಳಲಿಲ್ಲ.