ತಲೆ ಬಾಚುವ ಕೈ

ತಡವಾಗಿ ಬಂದೆ. ಆಟಗಾರರ ಹೆಂಡತಿಯರ ಕೋಣೆಗೆ ಕಾಲಿಟ್ಟರೆ ಯಾರೂ ತಲೆ ಎತ್ತಲಿಲ್ಲ. ದಿನಾ ಓಡಿ ಬಂದು ತಬ್ಬಿಕೊಳ್ಳುವ ಯಾಡಿರಾ ಕೂಡ, ನಮ್ಮ ಬೇಸ್‌ಬಾಲ್ ತಂಡದ ಕ್ಯಾಚರ್‌ನ ಹೆಂಡತಿ, ಗಾಜಿನಾಚೆ ಮೈದಾನವನ್ನೇ ನೋಡುತ್ತಿದ್ದಳು. ನನ್ನ ಗಂಡ ವೆಂಡಲ್‌ನನ್ನು ಕ್ಲಬ್ ಕೈಬಿಟ್ಟ ಸುದ್ದಿ ನನಗಿಂತ ಮೊದಲು ಇವರಿಗೆ ಮುಟ್ಟಿದೆ ಎಂದುಕೊಂಡೆ.

ಅನುಮಾನಕ್ಕೆ ಕಾರಣವಿತ್ತು. ನಮ್ಮ ಹೆರಾನ್ಸ್ ಕ್ಲಬ್ ನಷ್ಟದಲ್ಲಿತ್ತು. ‘ಒಂದು ತೋಳಿಗೆ ದುಡ್ಡು ಸುರಿದು ಮುಳುಗಿದ ಕ್ಲಬ್’ ಎಂದು ಊರಿನ ಪತ್ರಿಕೆ ಬರೆದಿತ್ತು. ಆ ತೋಳು ನನ್ನ ಗಂಡನದು; ಅವನು ಪಿಚರ್, ಬ್ಯಾಟಿನವರಿಗೆ ಚೆಂಡೆಸೆಯುವವನು. ನಮ್ಮ ಕೋಣೆಯ ತಿಂಡಿಯಲ್ಲಿ ಸಿಗಡಿ ಹೋಗಿ ಬರೀ ಪ್ರೆಟ್ಜೆಲ್ ಎಂಬ ಉಪ್ಪಿನ ಬಿಸ್ಕತ್ತು ಬಂದಿತ್ತು. ಈ ಸೀಸನ್ನಿನಲ್ಲಿ ಗೊತ್ತುಮಾಡಿದಷ್ಟು ಇನಿಂಗ್ಸ್ ಎಸೆದರೆ ಮುಂದಿನ ವರ್ಷದ ಸಂಬಳ ಖಾತ್ರಿ ಎಂಬುದು ವೆಂಡಲ್‌ನ ಕರಾರು. ಇದು ಕೊನೆಯ ಪಂದ್ಯ. ಪೂರ್ತಿ ಎಸೆದರೆ ಲೆಕ್ಕ ತುಂಬಿ ಸಂಬಳ ಉಂಟು, ನಡುವೆ ತೆಗೆದರೆ ಇಲ್ಲ. ಅವನ ವಯಸ್ಸಿಗೆ ಬೇರೆ ಯಾರೂ ಕರೆಯುವುದಿಲ್ಲ.

ಸ್ಕೋರ್ ಫಲಕ ನೋಡಿದೆ. ಒಂಬತ್ತರಲ್ಲಿ ಏಳು ಇನಿಂಗ್ಸ್ ಮುಗಿದರೂ ಎದುರಾಳಿಗೆ ಒಂದೂ ಹಿಟ್ ಸಿಕ್ಕಿರಲಿಲ್ಲ. ಅದಕ್ಕೇ ಈ ಮೌನ! ಅಂಥ ಅಪರೂಪದ ಆಟ ನಡೆಯುವಾಗ ಪಿಚರ್‌ನನ್ನಾಗಲಿ ಅವನ ಹೆಂಡತಿಯನ್ನಾಗಲಿ ಯಾರೂ ಮಾತಾಡಿಸುವುದಿಲ್ಲ; ದೃಷ್ಟಿ ತಾಗುತ್ತದೆ. ಇಷ್ಟು ವರ್ಷ ಇವರ ನಡುವೆಯೇ ಬದುಕಿ ನಾನೇ ಮರೆತಿದ್ದೆ.

ಬಾಯಿ ತೆರೆದದ್ದು ಕ್ಲಬ್ ಮಾಲೀಕರ ಹೆಂಡತಿ ಕಾನ್‌ಸ್ಟನ್ಸ್ ಒಬ್ಬರೇ.

“ಬಾಮ್ಮಾ ಮಾರ್ಲಾ. ಒಂದೂ ಹಿಟ್ ಕೊಟ್ಟಿಲ್ಲ ನೋಡು ನಿನ್ ಗಂಡ!”

ಯಾಡಿರಾ ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಪಿಸುಗುಟ್ಟಿದಳು. “ಅಂದೇ ಬಿಟ್ರಲ್ಲೇ! ಯಾರಾದ್ರೂ ಆ ಬಾಯಿಗೊಂದು ಪ್ರೆಟ್ಜೆಲ್ ತುರುಕ್ರೇ.”

ನಾನು ಹುಟ್ಟಿದಾಗಿನಿಂದಲೂ ಕ್ಲಬ್ ನಡೆಸುತ್ತ ಬಂದ ಮನೆಯವರು ಕಾನ್‌ಸ್ಟನ್ಸ್. ಈ ನೇಮ ಗೊತ್ತಿಲ್ಲವೆ? ಇಲ್ಲ, ದೃಷ್ಟಿ ತಾಗಲೆಂದು ಬೇಕೆಂದೇ ಅಂದರೋ?

“ತೋಳು ಹೇಗಿದ್ಯಮ್ಮಾ ಅವನಿಗೆ?” ನನ್ನ ಪಕ್ಕಕ್ಕೇ ಸರಿದರು. “ತಲೆ ಯಾವ ಕೈಲಿ ಬಾಚ್ಕೋತಾನೆ?”

“ಬಲಗೈಲೇ. ಇನ್ಯಾವ್ದ್ರಲ್ಲಿ?”

ಕೆಲವು ದಿನಗಳಿಂದ ಅವನು ಚೆಂಡೆಸೆಯುವ ಬಲಗೈ ಎತ್ತದೆ ಎಡಗೈಯಲ್ಲಿ ಬಾಚಿಕೊಳ್ಳುತ್ತಿದ್ದ. ಬಚ್ಚಲ ಬಾಗಿಲಲ್ಲಿ ನಿಂತು ನೋಡಿದ್ದೆ. ಕೇಳಿರಲಿಲ್ಲ. ಕೇಳಿದ್ದರೆ ನಿಜ ಹೇಳಿಬಿಡುತ್ತಿದ್ದ.

ಎಂಟನೆಯ ಇನಿಂಗ್ಸ್ ಅರ್ಧ ಆಗಿತ್ತು. ಪಿಚರ್‌ನನ್ನು ಬದಲಿಸಲು ತಂಡದ ಮ್ಯಾನೇಜರ್ ಮೈದಾನಕ್ಕಿಳಿದ. ಕ್ರೀಡಾಂಗಣವೆಲ್ಲ ಹೋ ಎಂದು ಕೂಗಿ ಬೈಯತೊಡಗಿತು.

“ನೋಡಿದ್ಯಾ ಯಾಡಿರಾ!” ನಾನು ಎದ್ದೇಬಿಟ್ಟೆ. “ಸಂಬಳ ಉಳಿಸೋಕೆ ತೆಗೀತಿದಾರೆ! ಸಿಗಡಿ ತೆಗೆದ ಹಾಗೇ!”

ಯಾಡಿರಾ ನನ್ನ ಮುಂಗೈ ಹಿಡಿದಳು. “ಅವ್ರಲ್ಲ ಕಣೇ. ನಿನ್ ಗಂಡ್ನೇ ಮ್ಯಾನೇಜರ್‌ನ ಕರ್ದಿದ್ದು. ನಾನ್ ನೋಡ್ದೆ.”

ಹೊರಹೋಗುವ ಪಿಚರ್ ಚೆಂಡನ್ನು ಎಸೆಯುವ ಕೈಯಿಂದಲೇ ಮ್ಯಾನೇಜರ್‌ನ ಅಂಗೈಗೆ ಇಡುವುದು ರೂಢಿ. ವೆಂಡಲ್ ಎಡಗೈಯ ಗವಸನ್ನು ಮುಂದೆ ಚಾಚಿದ. ಮ್ಯಾನೇಜರ್ ತಾನೇ ಅದರೊಳಗಿಂದ ಚೆಂಡು ತೆಗೆದುಕೊಂಡ. ಬಲಗೈ ಪಕ್ಕದಲ್ಲಿ ಜೋತಾಡುತ್ತಿತ್ತು.

ಕಾನ್‌ಸ್ಟನ್ಸ್ ಮುಖದಲ್ಲಿ ಸಂತೋಷ ಹುಡುಕಿದೆ. ಸಿಗಲಿಲ್ಲ.

“ಬಲಗೈ ಅಂದ್ಯಲ್ಲಮ್ಮಾ?” ಎಂದರು ಮೆಲ್ಲಗೆ.

ನಾನು ಚೀಲ ಎತ್ತಿಕೊಂಡು ಮೆಟ್ಟಿಲಿಳಿದೆ. ಅಂಗಿ ಬಿಚ್ಚಿಕೊಳ್ಳಲು ಅವನಿಗೆ ಯಾರಾದರೂ ಬೇಕಾಗುತ್ತದೆ.